ಏಳು

ಆರುನೂರ ಹನ್ನೆರಡನೇ ಸಾಲಿನಲ್ಲಿ ಒಂದು ಏಳು ಇತ್ತು.
ಹೆಸರಿಲ್ಲ, ಕುಲವಿಲ್ಲ, ಯಾಕೆಂಬುದಿಲ್ಲ.
ಪಕ್ಕದಲ್ಲಿ ಜಸಿಂತಾಳ ಟಿಪ್ಪಣಿ:
ಬೇಕು. ಕೇಳಬೇಡಿ.

ಜಸಿಂತಾ ಬಿಟ್ಟುಹೋಗಿ ಎರಡು ವರ್ಷ.
ಅವಳ ಕುರ್ಚಿ ಈಗ ನನ್ನದು, ಅದರ ಮುರಿದ ಚಕ್ರ ನನ್ನದು,
ಸಾವಿರದ ನೂರು ಸಾಲಿನ ಒಂದೇ ಒಂದು ಫಂಕ್ಷನ್ ನನ್ನದು.
ಪುಟ ತೆರೆಯುವುದು, ತಿರುಗಿಸುವುದು, ಹಿಗ್ಗಿಸುವುದು, ಹುಡುಕುವುದು
ಎಲ್ಲವೂ ಒಂದೇ ಹೊಟ್ಟೆಯಲ್ಲಿ,
ಮದುವೆ ಮನೆಯ ಉಗ್ರಾಣದ ಹಾಗೆ:
ಉಪ್ಪಿಗೆ ಕೈ ಹಾಕಿದರೆ ಚಾಪೆ ಉರುಳುತ್ತದೆ.

ಚಿಕ್ಕಮಗಳೂರು, ವಿಜಯಪುರ, ಎರಡನೇ ಮಹಡಿ.
ನಾವು ಮಾಡುವುದಿಷ್ಟೇ, ಹಳೇ ಕಾಗದವನ್ನು ಬ್ರೌಸರಿನಲ್ಲಿ ತೋರಿಸುವುದು.
ಅಡಿಯಲ್ಲಿ ಸ್ಕ್ಯಾನಿನ ಚಿತ್ರ,
ಮೇಲೆ ಕಣ್ಣಿಗೆ ಕಾಣದ ಅಕ್ಷರಗಳ ಪೊರೆ
(ಕೆಳಗಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹುಡುಗಿಯರು
ಪುಸ್ತಕ ನೋಡಿ ನೋಡಿ ಹೊಡೆದದ್ದು).
ಹೆಸರು ಹುಡುಕಿದರೆ ಪೊರೆ ಹಳದಿಯಾಗಬೇಕು,
ಆ ಹಳದಿ ಆ ಹೆಸರಿನ ಮೇಲೇ ಕೂರಬೇಕು.
ಅಷ್ಟೇ. ಅಷ್ಟೇ ಕಷ್ಟ.

ದ್ಯಾವೀರಮ್ಮ ಅಂತ ಹುಡುಕಿದರೆ ಯಾರೂ ಸಿಗುತ್ತಿರಲಿಲ್ಲ.
ದಕಾರ ಒಂದು ಕಡೆ, ಯಕಾರ ಒಂದು ಕಡೆ,
ಒತ್ತು ಕಳಚಿಕೊಂಡು, ನಡುವೆ ಕಾಣದ ಅಕ್ಷರವೊಂದು
ಬಸ್ಸಿನಲ್ಲಿ ಗಂಡ ಹೆಂಡಿರ ಮಧ್ಯೆ ತೂರಿ ಕೂತವನಂತೆ.
ಎಬ್ಬಿಸಿ ಕಳಿಸಿದೆ. ಮೂರು ಸಾಲಿನ ಕೆಲಸ.
ಅದೇ ಹುರುಪಿನಲ್ಲಿ ಏಳನ್ನೂ ಅಳಿಸಿದೆ.

ಹಳದಿ ತಲೆಯ ಮೇಲೆ ತೇಲುತ್ತಿದ್ದ ಹೊಸ ಪುಟಗಳೆಲ್ಲ
ತಟ್ಟನೆ ನೆಟ್ಟಗಾದವು.
ಚಹಾ ತರಿಸಿ ಕುಡಿದೆ. ಈ ಊರಿನಲ್ಲಿ ಚಹಾ ಕುಡಿದರೆ
ಜನ ನೋಡುತ್ತಾರೆ, ನೋಡಲಿ.

ಮಾರನೇ ದಿನ ಕ್ಯೂರಿಂಗ್ ವರ್ಕ್ಸಿನ ಹಾಜರಿ ಪುಸ್ತಕ, ಎಂಬತ್ತೇಳನೇ ಇಸವಿ,
ಕಾಫಿ ಬೀಜದಲ್ಲಿ ಕರಿ ಆರಿಸುತ್ತಿದ್ದ ಹೆಂಗಸರದ್ದು.
ದ್ಯಾವೀರಮ್ಮ ಅಂತ ಹೊಡೆದೆ. ಹಳದಿ ಬಂತು.
ಬಂದು ಸಕೀನಾಬಿಯ ಮೇಲೆ ಕೂತಿತು.
ಒಂದು ಸಾಲು ಕೆಳಗೆ.
ಇಪ್ಪತ್ತಾರು ದಿನ ಆರಿಸಿದವಳಿಗೆ ಹದಿನಾಲ್ಕು,
ಹದಿನಾಲ್ಕರ ಸಕೀನಾಬಿಗೆ ಅವಳ ಕೆಳಗಿನ ಲಕ್ಕಮ್ಮನ ಸೊನ್ನೆ.
ಪಿಂಚಣಿ ಲೆಕ್ಕದ ಗುಮಾಸ್ತ ಹಳದಿಯನ್ನೇ ನಂಬುತ್ತಾನೆ,
ಅವನಿಗೆ ದಿನಕ್ಕೆ ನೂರು ಹೆಸರು.
ಏಳೇ ಪಿಕ್ಸೆಲ್. ಎಳ್ಳು ಮಲಗಿದಷ್ಟು ಜಾಗ.

ಜಸಿಂತಾಗೆ ಫೋನ್ ಮಾಡಿದೆ.
ಬಾಳೆಹೊನ್ನೂರಿನಲ್ಲಿ ಬೇಕರಿ ಇಟ್ಟಿದ್ದಾಳೆ, ಹಿಂದೆ ತಟ್ಟೆಗಳ ಸದ್ದು.
'ಆ ಪುಸ್ತಕದ ಬೆನ್ನು ಉಬ್ಬಿತ್ತು ಕಣೇ,
ಗಾಜಿನ ಮೇಲೆ ಕೂರ್ತಾನೇ ಇರ್ಲಿಲ್ಲ.
ಎರಡು ಕೇಜಿ ತೂಕದ ಕಲ್ಲಿಟ್ಟು ಅದುಮಿದೆ, ಪುಟ ಮೇಲಕ್ಕೆ ಜಾರ್ತು.
ಅದಕ್ಕೇ ಅಕ್ಷರಗಳಿಗೂ ಹೇಳ್ದೆ, ಏಳು ಅಂತ.'
'ಬರೆದಿಡಬಾರದಿತ್ತಾ?'
'ಬರೆದಿದ್ನಲ್ಲ, ಬೇಕು ಅಂತ.'

ಉಗ್ರಾಣ ಖಾಲಿ ಮಾಡಲು ಆರು ದಿನ ಹಿಡಿಯಿತು.
ಒಂದೊಂದೇ ಸಾಮಾನು ಹೊರಗಿಟ್ಟು,
ಇಟ್ಟಾಗಲೆಲ್ಲ ಮೂವರನ್ನೂ ಕೂಗಿದೆ:
ದ್ಯಾವೀರಮ್ಮ. ಸಕೀನಾಬಿ. ಲಕ್ಕಮ್ಮ.
ಅವರವರ ಸಾಲಿನಲ್ಲಿ ಅವರವರು ಹಾಜರಿದ್ದರೆ
ಮುಂದಿನದಕ್ಕೆ ಕೈ.
ಎರಡು ಸಲ ಲಕ್ಕಮ್ಮ ಓಗೊಡಲಿಲ್ಲ,
ಇಟ್ಟದ್ದನ್ನು ವಾಪಸು ಒಳಗಿಟ್ಟೆ.

ಇಷ್ಟಾಗಿ ಫಂಕ್ಷನ್‌ಗಳು ಈಗ ಮೂವತ್ತನಾಲ್ಕು,
ಒಂದಕ್ಕೆ ಒಂದೇ ಕೆಲಸ.
ಏಳನ್ನು ಎಲ್ಲರ ಹೆಗಲಿನಿಂದ ಇಳಿಸಿ
ಅದರ ಪುಸ್ತಕಕ್ಕೆ ಮಾತ್ರ ಕಟ್ಟಿದೆ.
ಹೆಸರಿಟ್ಟೆ: ಉಬ್ಬಿದ ಬೆನ್ನು.
ಆಮೇಲೆ ಯಾಕೋ ಅನುಮಾನ ಬಂದು
ಪಕ್ಕದಲ್ಲಿ ಸೇರಿಸಿದೆ: ಪುಸ್ತಕದ್ದು.

ಕೆಳಗೆ ಟೈಪಿಂಗ್ ನಿಂತು ಶಟರ್ ಎಳೆದರು.
ನಲವತ್ತೊಂದನೇ ಪುಟ ತಿರುಗಿಸಿದರೆ ಇನ್ನೂ ತಲೆಕೆಳಗು.
ಅಲ್ಲೊಂದು ಟಿಪ್ಪಣಿ ಬರೆದೆ.
ಕಾರಣವನ್ನೂ ಬರೆದೆ:
ಗೊತ್ತಿಲ್ಲ. ಕೇಳಿ.